ಕಾಯಿಲ್ಲಿಗೂ ಕಾಯಿಲೆಗೂ ಸಂಬಂಧವಿಲ್ಲ

ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರು ಸಿಕ್ಕರೆ ಈಗಲೂ ಮೊದಲು ಕೇಳುವುದು ಅದೊಂದೇ. ಕರೆಂಟ್ ಹೊಡೆದಿತ್ತಲ್ಲ ಆಚಾರ್ರೆ, ಈಗ ಹೆಂಗಿದ್ದೀರಿ? ನನಗೆ ಕರೆಂಟ್ ಹೊಡೆದಿರಲಿಲ್ಲ. ಇದನ್ನು ನಿಂತು ಹೇಳಿದ್ದೇನೆ, ಕೂತು ಹೇಳಿದ್ದೇನೆ, ಆಸ್ಪತ್ರೆಯಲ್ಲಿ ಚಕ್ರದ ಮಂಚದ ಮೇಲೆ ತಳ್ಳಿಸಿಕೊಂಡು ಹೋಗುವಾಗಲೂ ಹೇಳಿದ್ದೇನೆ. ಕೇಳಿದವರು ಹೂಂ ಅಂತ ತಲೆಯಾಡಿಸಿ, ನಾಲ್ಕು ಹೆಜ್ಜೆ ಆಚೆ ಹೋಗಿ ಪಕ್ಕದವರಿಗೆ, ಪಾಪ, ಕರೆಂಟ್ ಹೊಡೆದು ಇಂಗಾಗೋದ ಅನ್ನುತ್ತಾರೆ.

ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದ್ದು ಏಳನೇ ಕ್ಲಾಸಿನವರೆಗೆ. ತಪ್ಪಿದ್ದರೆ ಇರಲಿ. ನನ್ನ ಹಾಗೆ ಇದ್ದಕ್ಕಿದ್ದಂತೆ ಬೀಳುವವರು ಎಲ್ಲೋ ಇನ್ನೊಬ್ಬರು ಇದ್ದೇ ಇರುತ್ತಾರೆ. ಅವರ ಸುತ್ತಲೂ ನಮ್ಮ ಮನೆಯವರಂಥವರೇ ನಿಂತಿರುತ್ತಾರೆ. ಆ ಬಿದ್ದವರಿಗಾಗಿ ಇದು.

ನಮ್ಮದು ಅಕ್ಕಸಾಲಿಗರ ಮನೆ. ಅಪ್ಪ ಚಿನ್ನದ ತಂತಿ ಎಳೆಯುತ್ತಿದ್ದರು. ನಾನು ತಾಮ್ರದ ತಂತಿ ಹಿಡಿದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ ಹೊಸದಾಗಿ ತಂತಿ ಸುತ್ತುವುದು ನನ್ನ ಕಸುಬು. ತೊಂಬತ್ತರ ಆ ವರ್ಷಗಳಲ್ಲಿ ವೋಲ್ಟೇಜು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕಬ್ಬಿನ ಗದ್ದೆಯ ಮೋಟಾರುಗಳು ಹಪ್ಪಳದ ಹಾಗೆ ಸುಟ್ಟುಹೋಗುತ್ತಿದ್ದವು. ಕೆ.ಆರ್. ಪೇಟೆಯಿಂದಲೂ ನಾಗಮಂಗಲದಿಂದಲೂ ನನ್ನ ಅಂಗಡಿಗೇ ಹೊತ್ತು ತರುತ್ತಿದ್ದರು. ನಾನು ಸುತ್ತಿದ ಮೋಟಾರು ತಿರುಗಿ ಬಂದದ್ದಿಲ್ಲ. ಇದನ್ನು ಜಂಬ ಅಂದುಕೊಂಡರೂ ಬೇಸರವಿಲ್ಲ.

ಇನ್ನು ಆ ಯಂತ್ರ. ಹೈಸ್ಕೂಲಿನ ವಿಜ್ಞಾನದ ಶಿವಲಿಂಗಯ್ಯ ಮೇಷ್ಟ್ರು ಒಂದು ದಿನ ತಮ್ಮ ಫ್ಯಾನು ಬಿಡಿಸಿಕೊಳ್ಳಲು ಬಂದಾಗ ಕೈಯಲ್ಲೊಂದು ಪುಸ್ತಕವಿತ್ತು. ಅದರಲ್ಲಿ ಒಂದು ಕಂಬ, ಕಂಬದ ತಲೆಯಿಂದ ಮಿಂಚು ಹೊರಡುವ ಚಿತ್ರ. ಕೆಳಗೆ ಇಂಗ್ಲಿಷು. ನನಗೆ ಇಂಗ್ಲಿಷು ಬೇಕಿರಲಿಲ್ಲ. ಚಿತ್ರ ನೋಡಿದ ಕೂಡಲೇ ತಿಳಿಯಿತು, ಇದು ನನ್ನ ಕೆಲಸ. ದಪ್ಪ ತಂತಿಯ ಕೆಲವೇ ಸುತ್ತು ಕೆಳಗೆ, ಕೂದಲೆಳೆಯಂಥ ತಂತಿಯ ಸಾವಿರ ಸುತ್ತು ಮೇಲೆ. ಹೆಸರು ಟೆಸ್ಲಾ ಕಾಯಿಲ್ ಅಂದರು ಮೇಷ್ಟ್ರು. ಬೋರ್‌ವೆಲ್ಲಿನ ಪೈಪಿಗೆ ಸುತ್ತಿದೆ. ಅಂಗಡಿ ಬೋರ್ಡಿನ ಬಣ್ಣದ ದೀಪಕ್ಕೆ ಹಾಕುವ ಟ್ರಾನ್ಸ್‌ಫಾರ್ಮರನ್ನು ಮೈಸೂರಿನಿಂದ ತಂದೆ. ಕರೆಂಟು ಕೂಡಿಡಲು ಉಪ್ಪು ನೀರು ತುಂಬಿದ ಬಾಟಲಿಗಳು, ಕಿಡಿ ಹಾರಲು ಎದುರು ಬದುರು ಎರಡು ಬೋಲ್ಟು, ಕಂಬದ ತಲೆಗೆ ಇಡ್ಲಿ ಪಾತ್ರೆಯ ಮುಚ್ಚಳ. ಹಿತ್ತಲ ಕೋಣೆಯಲ್ಲಿ ಅದನ್ನು ಮೊದಲ ಸಲ ಹಚ್ಚಿದಾಗ ಮುಚ್ಚಳದಿಂದ ಎರಡು ಮೊಳ ಮಿಂಚು ಹೊರಟು ಗಾಳಿಯಲ್ಲಿ ತಡಕಾಡಿತು. ಮೇಷ್ಟ್ರ ಕೈಯಲ್ಲಿದ್ದ ಟ್ಯೂಬ್‌ಲೈಟು ವೈರಿಲ್ಲದೆ ಹತ್ತಿಕೊಂಡಿತು. ನಲವತ್ತೆರಡು ವರ್ಷದಲ್ಲಿ ನಾನು ಅಷ್ಟು ಸುಖಪಟ್ಟದ್ದು ಕಡಿಮೆ.

ಅವ್ವ ಹೆಸರು ಕೇಳಿದಳು. ಕಾಯಿಲು ಅಂದೆ. ಅವಳ ಕಿವಿಗೆ ಬಿದ್ದದ್ದು ಕಾಯಿಲೆ.

"ಎಸ್ರಲ್ಲೇ ಕಾಯಿಲೆ ಅಂತ ಮಡೀಕಂಡದೆ. ಅಂತಾದ್ನ ಮನೆ ಒಳೀಕೆ ಯಾಕ್ಲಾ ತಂದೆ?" ಅಂದಳು.

ಅವತ್ತೇ ಇಡೀ ಮನೆಯವರನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳಿದೆ. ನಾನು ಬಿದ್ದರೆ ಯಾರೂ ಮುಟ್ಟಕೂಡದು. ಮೊದಲು ಫ್ಯೂಸು ಕೀಳಬೇಕು. ಆಮೇಲೆ ಒಣ ಮರದಿಂದ ನನ್ನನ್ನು ಆಚೆ ತಳ್ಳಬೇಕು. ಯಾವುದರ ಮೇಲಾದರೂ ಅನುಮಾನ ಬಂದರೆ ಅಂಗೈಯಿಂದ ಮುಟ್ಟಬಾರದು, ಹಿಂಗೈ ತಾಗಿಸಿ ನೋಡಬೇಕು. ಶಾಕ್ ಹೊಡೆದರೆ ಹಿಂಗೈ ಹಿಂದಕ್ಕೆ ಬರುತ್ತದೆ, ಅಂಗೈ ಹಿಡಿದುಕೊಂಡುಬಿಡುತ್ತದೆ. ನನ್ನ ಹೆಂಡತಿ ಕಮಲಮ್ಮ ಮೂರು ಸಲ ಬಾಯಿಪಾಠ ಒಪ್ಪಿಸಿದಳು. ಈ ಪಾಠವನ್ನು ಅವರು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಕಲಿತರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಮೊದಲ ಸಲ ಬಿದ್ದದ್ದು ಆ ಕೋಣೆಯಲ್ಲೇ, ಒಂದು ಭಾನುವಾರ ಬೆಳಿಗ್ಗೆ. ಕಾಯಿಲ್ ಆರಿಸಿ, ಪ್ಲಗ್ ಕಿತ್ತು, ಬಾಟಲಿಗಳಲ್ಲಿ ಉಳಿದ ಕರೆಂಟನ್ನು ನೆಲಕ್ಕಿಳಿಸಿ, ಅಂದರೆ ಅರ್ತ್ ಮಾಡಿ, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದೆ. ವೋಲ್ಟೇಜು ಇಳಿದರೆ ಮೋಟಾರಿನ ಸದ್ದು ಹೇಗೆ ಕುಗ್ಗುತ್ತದೋ ಹಾಗೆ ಸುತ್ತಲಿನ ಸದ್ದು ಕುಗ್ಗಿತು. ಅಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಕಮಲಮ್ಮ ಎರಡು ಗಜ ದೂರದಿಂದ ಒನಕೆಯಲ್ಲಿ ನನ್ನ ಪಕ್ಕೆಯನ್ನು ತಿವಿಯುತ್ತಿದ್ದಳು. ಇನ್ನೊಂದು ಕಡೆಯಿಂದ ಅವ್ವ ಬೀಗದ ಕೈ ಗೊಂಚಲನ್ನು ದಾರ ಕಟ್ಟಿ ನನ್ನ ಅಂಗೈಗೆ ಇಳಿಬಿಡುತ್ತಿದ್ದಳು. ಅವಳ ಪ್ರಕಾರ ಇದು ಮೂರ್ಛೆ, ಮೂರ್ಛೆಗೆ ಕಬ್ಬಿಣ ಹಿಡಿಸಬೇಕು. ಹೆಂಡತಿಯ ಪ್ರಕಾರ ಇದು ಕರೆಂಟು, ಕರೆಂಟಿಗೆ ಮರ. ಒಬ್ಬಳು ಮರ ಹಿಡಿದು ಕರೆಂಟು ತಡೆಯುತ್ತಿದ್ದರೆ ಇನ್ನೊಬ್ಬಳು ಕಬ್ಬಿಣ ಕೊಟ್ಟು ದಾರಿ ಮಾಡುತ್ತಿದ್ದಳು. ಬಿದ್ದಿದ್ದವನಿಗೆ ಇಬ್ಬರ ಮೇಲೂ ರೇಗಿತು.

ಬಿದ್ದು ಎದ್ದ ಮೇಲೆ ನನ್ನ ಮುಖಕ್ಕೆ ರಕ್ತ ನುಗ್ಗಿ ಕೆಂಡದ ಹಾಗೆ ಆಗುತ್ತಿತ್ತು. ಅದನ್ನು ನೋಡಿ ಬೀದಿಯವರೆಲ್ಲ, ಕರೆಂಟು ಇಳೀತಾ ಅದೆ ಅಂದರು. ಪ್ಲಗ್ ಕಿತ್ತಿದ್ದೆ ಅಂತ ಹೇಳಿದೆ. ಯಾರು ಕೇಳುತ್ತಾರೆ? ಎದುರಿಗೇ ಮಿಂಚಿನ ಕಂಬ ನಿಂತಿತ್ತಲ್ಲ.

ನನಗೂ ಒಂದು ಹಟ ಇತ್ತು, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೈದು ವರ್ಷ ಕರೆಂಟಿನಲ್ಲಿ ಕೈಯಾಡಿಸಿದವನಿಗೆ ಕರೆಂಟ್ ಹೊಡೆಯಿತು ಅನ್ನುವುದು ಅಡಿಗೆಭಟ್ಟನಿಗೆ ಅನ್ನ ಸೀದುಹೋಯಿತು ಅಂದ ಹಾಗೆ. ಅವರ ಬಾಯಿ ಮುಚ್ಚಿಸುವುದರಲ್ಲೇ ನಾನು ಮುಳುಗಿದೆ. ಹಾಗಾದರೆ ಏನಾಯಿತು ಅಂತ ನಾನೂ ಕೇಳಿಕೊಳ್ಳಲಿಲ್ಲ.

ಎರಡನೇ ಸಲ ದೇವಲಾಪುರದ ಹತ್ತಿರ ಒಂದು ತೋಟದ ಬಾವಿಯ ಮೇಲೆ. ಮೋಟಾರು ಕೂರಿಸಿ ನಟ್ಟು ಬಿಗಿಯುತ್ತಿದ್ದೆ. ಬೆಳಿಗ್ಗೆಯಿಂದ ಆ ಕಡೆ ಲೈನೇ ಇರಲಿಲ್ಲ. ಎಚ್ಚರವಾದಾಗ ಜಮೀನಿನ ಯಜಮಾನರು ಸ್ಟಾರ್ಟರ್ ಡಬ್ಬಿಯ ಬಾಗಿಲು ಹಿಡಿದುಕೊಂಡು, ಆಫ್ ಮಾಡಿದ್ದೀನಿ ಕಣಪ್ಪ, ಎದರಬ್ಯಾಡ ಅಂತ ಅಲ್ಲಿಂದಲೇ ಧೈರ್ಯ ಹೇಳುತ್ತಿದ್ದರು. ಇಲ್ಲದ ಕರೆಂಟನ್ನು ಆರಿಸಿದ್ದರು. ಬಾವಿಯ ಅಂಚಿಗೂ ನನ್ನ ತಲೆಗೂ ಒಂದು ಗೇಣು ಅಂತರ. ನನ್ನನ್ನು ಈಚೆ ಎಳೆಯುವ ಕೆಲಸ ಯಾರೂ ಮಾಡಿರಲಿಲ್ಲ.

ಮೂರನೆಯದು ಕರಿಘಟ್ಟದ ಮೆಟ್ಟಿಲ ಮೇಲೆ. ಅವ್ವನ ಹರಕೆ, ನಾನು ಹತ್ತಲೇಬೇಕು. ಅರ್ಧ ಬೆಟ್ಟದಲ್ಲಿ ಕುಸಿದೆ. ಅಲ್ಲಿ ವೈರಿಲ್ಲ, ಕಂಬವಿಲ್ಲ, ಸುತ್ತ ಬಂಡೆ, ಕೆಳಗೆ ಹೊಳೆ. ಶ್ರೀರಂಗಪಟ್ಟಣದವರು ಯಾರೋ ಎತ್ತಲು ಬಗ್ಗಿದರಂತೆ. ನಮ್ಮೂರಿನ ಒಬ್ಬ ಮಹಾನುಭಾವ ಅವರ ತೋಳು ಹಿಡಿದು ಹಿಂದಕ್ಕೆಳೆದ. "ಮುಟ್ಬ್ಯಾಡಿ ಸ್ವಾಮಿ. ಅವ್ನ ಮೈಯಲ್ಲಿ ಕರೆಂಟು ಉಳ್ಕಂಡದೆ" ಅಂದನಂತೆ.

ಆಮೇಲೆ ಶುರುವಾಯಿತು ಚಿಕಿತ್ಸೆ. ಕ್ಲಿನಿಕ್ಕಿನ ಡಾಕ್ಟರು ನನ್ನ ಕಡೆ ನೋಡುವ ಮೊದಲೇ ಕಮಲಮ್ಮ ಕಂಬದ ಕಥೆ ಹೇಳಿ ಮುಗಿಸಿದ್ದಳು. ಶಾಕಿನಿಂದ ನರ ವೀಕಾಗಿದೆ ಅಂತ ಸೂಜಿ ಕೊಟ್ಟು ಕೆಂಪು ಟಾನಿಕ್ ಬರೆದರು. ಟಾನಿಕ್ ಕುಡಿದು ಎರಡು ಸಲ ಬಿದ್ದೆ. ಕೆ.ಆರ್. ಪೇಟೆ ಕಡೆ ಒಬ್ಬರು ಮೈಯಿಂದ ಕರೆಂಟು ಇಳಿಸುತ್ತಾರೆ ಅಂತ ಯಾರೋ ಹೇಳಿದರು. ಭಾವಮೈದುನರು ಕರೆದುಕೊಂಡು ಹೋದರು. ಅಲ್ಲಿ ಮೊಣಕಾಲುದ್ದ ಹಸಿ ಮರಳಿನಲ್ಲಿ ನನ್ನನ್ನು ಹೂತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಲ್ಲಿಸಿದರು. ಅರ್ತ್ ಮಾಡುವುದು! ಕರೆಂಟು ಮೈಯಲ್ಲಿ ನಿಲ್ಲಲು ನಾನೇನು ಬ್ಯಾಟರಿಯಾ ಅಂತ ಕೇಳಿದೆ. ಇಳಿಯುವಾಗ ಸಿಟ್ಟು ಬರುವುದು ಸಹಜ ಅಂದರು ಅವರು. ಎಲ್ಲದಕ್ಕೂ ಅವರ ಹತ್ತಿರ ಉತ್ತರವಿತ್ತು.

ಅಂಗಡಿಗೆ ಬರುವವರೂ ಕಡಿಮೆಯಾದರು. ಬಂದವರು ಮೋಟಾರನ್ನು ಮೆಟ್ಟಿಲ ಮೇಲಿಟ್ಟು ದೂರ ನಿಲ್ಲುತ್ತಿದ್ದರು. ಮನೆಯಲ್ಲಿ ಕಮಲಮ್ಮ ಕಾಫಿ ಲೋಟವನ್ನು ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲಿಟ್ಟು ನನ್ನ ಕಡೆ ಸರಿಸುತ್ತಿದ್ದಳು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಕಣ್ಣು ಮುಚ್ಚಿ ಒರಗಿದ್ದೆ. ಅವಳು ಮೆಲ್ಲಗೆ ಬಂದು ಹಣೆಗೆ ಕೈಯಿಟ್ಟಳು. ಹಿಂಗೈ. ಬೆರಳು ಮಡಚಿ, ಕ್ಷಣ ತಾಗಿಸಿ, ಹಿಂದಕ್ಕೆ ತೆಗೆದುಕೊಂಡಳು. ನಾನು ಕಣ್ಣು ಬಿಡಲಿಲ್ಲ. ಆ ವಿದ್ಯೆ ಕಲಿಸಿದವನು ನಾನೇ ಅಲ್ಲವೇ, ಯಾರನ್ನು ಬೈಯಲಿ? ಆದರೆ ಅವತ್ತು ಮೊದಲ ಸಲ ಹೆದರಿಕೆಯಾಯಿತು. ಒಂದು ದಿನ ಬಿದ್ದವನು ಏಳುವುದಿಲ್ಲ, ಇವರೆಲ್ಲ ಒನಕೆ ಹಿಡಿದು ಸುತ್ತ ನಿಂತೇ ಇರುತ್ತಾರೆ ಅನ್ನಿಸಿತು.

ನನ್ನ ಅಂಗಡಿಯ ಪಕ್ಕದಲ್ಲಿ ಖಾದರ್ ಸಾಬರದು ವಾಚ್ ರಿಪೇರಿ. ಬಾಗಿಲಗಲದ ಗೂಡು, ಒಂದು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಇಪ್ಪತ್ತು ವರ್ಷದ ನೆರೆ. ಒಂದು ದಿನ ಹನ್ನೊಂದು ಗಂಟೆಯ ಟೀ ಹಂಚಿಕೊಂಡು ಕುಡಿಯುವಾಗ ಅವರ ಗೂಡಿನ ಮುಂದೆಯೇ ಬಿದ್ದೆ. ಜನ ಸೇರಿದರು, ದೂರ ನಿಂತರು. ಲೈನ್ ಆಫ್ ಮಾಡ್ರೋ ಅಂತ ಯಾರೋ ಕೂಗಿದರಂತೆ. ಎಚ್ಚರವಾಗುವಾಗ ನನಗೆ ಗೊತ್ತಾದ ಮೊದಲ ಸಂಗತಿ, ನನ್ನ ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದಿದ್ದಾರೆ. ಪೂರಾ ಅಂಗೈ. ಖಾದರ್ ಸಾಬರು ನೆಲದ ಮೇಲೆ ಕೂತು, ಇನ್ನೊಂದು ಕೈಯಲ್ಲಿ ಯಾರದೋ ರಿಪೇರಿ ವಾಚು ಹಿಡಿದು, ತುಟಿ ಆಡಿಸುತ್ತಿದ್ದರು.

"ಸುಮ್ಕೆ ಬಿದ್ದಿರು. ಎಣಿಸ್ತಾ ಇವ್ನಿ" ಅಂದರು.

ಎಣಿಸಿದರು. ತಲೆ ಕೊಡವಿದರು. ಇನ್ನೊಂದು ವಾಚು ತರಿಸಿ ಮತ್ತೆ ಎಣಿಸಿದರು. ಮೊದಲು ಕೈ ಹಿಡಿದಾಗ ನಾಡಿಯೇ ಸಿಗಲಿಲ್ಲವಂತೆ. ಆಮೇಲೆ ಒಂದು ಬಂತು. ಎಷ್ಟೋ ಹೊತ್ತಿಗೆ ಇನ್ನೊಂದು. ಈಗ ನಿಮಿಷಕ್ಕೆ ಇಪ್ಪತ್ತೆಂಟು.

"ವಾಚ್ದು ತಪ್ಪಿಲ್ಲ ಭಾಯ್. ನಿಂದೇ ಸ್ಲೋ ಐತೆ. ಕರೆಂಟೂ ಇಲ್ಲ, ಗಿರೆಂಟೂ ಇಲ್ಲ, ನಿನ್ ದಿಲ್ ನಿಂತ್ ನಿಂತ್ ಓಡ್ತೈತೆ" ಅಂದರು.

ನಿಮಗೆ ಹೆದರಿಕೆಯಾಗಲಿಲ್ಲವೇ ಅಂತ ಆಮೇಲೆ ಕೇಳಿದೆ. ಆಯಿತು ಅಂದರು. ಆದರೆ ನಿಂತ ಗಡಿಯಾರ ಕಂಡರೆ ಕೈ ತಾನೇ ಹೋಗುತ್ತದೆ ಅಂದರು. ಐದು ತಿಂಗಳಲ್ಲಿ ಬಿದ್ದಿದ್ದ ನನ್ನನ್ನು ಮುಟ್ಟಿದ ಮೊದಲ ಮನುಷ್ಯ ಅವರು.

ಮಾರನೆಯ ದಿನ ಮೈಸೂರಿನ ದೊಡ್ಡ ಆಸ್ಪತ್ರೆ. ಅಲ್ಲಿಯೂ ಕರೆಂಟು ನನ್ನನ್ನು ಬಿಡಲಿಲ್ಲ. ಚೀಟಿ ಬರೆಯುವವರು ಏನು ಕಾಯಿಲೆ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ನುಗ್ಗಿ, "ಟೆಸ್ಲಾ ಕಾಯಿಲೆ ಕಣಪ್ಪ. ಮನೇಲೇ ಮಾಡ್ಕಂಡಿದ್ದು" ಅಂದಳು. ಅವರು ಪೆನ್ನೆತ್ತಿ ನೋಡಿದರು. ಕಮಲಮ್ಮ ಬಿಡಿಸಿ ಹೇಳಿದಳು, ಕರೆಂಟಿನದು ಅಂತ. ಚೀಟಿಯಲ್ಲಿ ಕರೆಂಟ್ ಶಾಕ್ ಅಂತಲೇ ಬಿತ್ತು, ನಾವು ಸುಟ್ಟಗಾಯದವರ ಬೆಂಚಿನಲ್ಲಿ ಕೂತೆವು. ಎರಡು ಗಂಟೆ. ಎಡಗಡೆ ಸ್ಟೌವ್ ಸಿಡಿದ ಹೆಂಗಸು, ಬಲಗಡೆ ಬೆಲ್ಲದ ಕೊಪ್ಪರಿಗೆಗೆ ಕೈ ಹಾಕಿದ ಆಲೆಮನೆಯ ಆಳು. ಸುಟ್ಟದ್ದೆಲ್ಲಿ ಅಂತ ಅವನು ಕೇಳಿದ. ಎಲ್ಲೂ ಇಲ್ಲ ಅಂದೆ. ಹಾಗಾದರೆ ಇಲ್ಲೇಕೆ ಕೂತಿದ್ದೀಯ ಅಂದ. ಆ ದಿನ ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ತಲೆಯ ಮೇಲಿನ ಫ್ಯಾನಿನ ಬೇರಿಂಗು ಸವೆದು ಕಿರುಗುಡುತ್ತಿತ್ತು. ಎದ್ದು ಬಿಚ್ಚೋಣ ಅನ್ನಿಸುತ್ತಿತ್ತು.

ಎರಡು ಗಂಟೆಯಾದ ಮೇಲೆ ಎದ್ದು ಹೋಗಿ ಚೀಟಿಯವರ ಮುಂದೆ ಕೈ ಚಾಚಿದೆ. ಎಣಿಸಿ ಸ್ವಾಮಿ ಅಂದೆ. ಎಣಿಸಿ ಅವರ ಮುಖ ಬದಲಾಯಿತು. ಹೊಸ ಚೀಟಿ ಬರೆದು, ಚಕ್ರದ ಮಂಚ ತರಿಸಿದರು.

ಎದೆಯ ಗೆರೆ ತೆಗೆಯುವ ಇ.ಸಿ.ಜಿ. ಕೋಣೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ತಣ್ಣಗಿರ್ತದೆ ಅಣ್ಣ ಅಂತ ಹೇಳಿ, ಕಾಲಿಗೆ ಕೈಗೆ ಎದೆಗೆ ಒಂದೊಂದೇ ತಂತಿ ಸಿಕ್ಕಿಸಿದಳು. ಪ್ರತಿ ಸಲವೂ ಅಂಗೈಯಿಂದ ಒತ್ತಿ. ಅದರಲ್ಲಿ ಅವಳಿಗೇನೂ ವಿಶೇಷವಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು ಅಂತ ಬರೆಯುವುದಿಲ್ಲ. ಹಚ್ಚಿದ ಜೆಲ್ಲಿ ತಣ್ಣಗಿತ್ತು, ಅಷ್ಟೇ.

ಹೃದಯದ ಡಾಕ್ಟರಮ್ಮ ಉದ್ದನೆಯ ಕಾಗದ ಹಿಡಿದು ಬಂದರು. ನನ್ನ ಕೆಲಸ ಏನು ಅಂತ ಕೇಳಿ ತಿಳಿದುಕೊಂಡು, ನನ್ನ ಮಾತಿನಲ್ಲೇ ಹೇಳಿದರು. "ನೋಡಿ, ಮೇಲಿಂದ ಸಪ್ಲೈ ಸರಿಯಾಗಿ ಬರ್ತಿದೆ. ಮಧ್ಯದಲ್ಲಿ ಲೈನ್ ಕಟ್ಟಾಗಿದೆ. ಕೆಳಗಿನ ಮೋಟಾರು ತನ್ನಷ್ಟಕ್ಕೆ ತಾನು ಹೇಗೋ ಓಡ್ತಿದೆ. ಒಂದೊಂದ್ಸಲ ಅದೂ ನಿಲ್ತಿದೆ, ಆಗ ಬೀಳ್ತೀರಿ."

ಅರ್ಥವಾಯಿತು. ಐದು ತಿಂಗಳಲ್ಲಿ ಯಾರಾದರೂ ಅರ್ಥವಾಗುವ ಹಾಗೆ ಮಾತಾಡಿದ್ದು ಅದೇ ಮೊದಲು. ಮನೆಯವರನ್ನು ಹೊರಗೆ ಕಳಿಸಿ ಅಂತ ಕೇಳಿಕೊಂಡೆ. ಅವರು ಹೋದ ಮೇಲೆ, ಇಷ್ಟು ದಿನ ಊರಿಗೆಲ್ಲ ಗದರಿದವನು, ತಗ್ಗಿದ ದನಿಯಲ್ಲಿ ಕೇಳಿದೆ. ನಾನು ಕಟ್ಟಿದ ಕಾಯಿಲ್ಲಿನಿಂದ ಹೀಗಾಯಿತೇ? ನನಗೂ ಅನುಮಾನ ಇತ್ತು. ಯಾರ ಮುಂದೆಯೂ ಆಡಿರಲಿಲ್ಲ. ಅವರು ಎಲ್ಲ ವಿಚಾರಿಸಿದರು, ಎಂದಾದರೂ ಮೈಮೇಲೆ ಶಾಕ್ ಹೊಡೆದಿತ್ತೇ, ಹೊಡೆದು ಎಚ್ಚರ ತಪ್ಪಿತ್ತೇ ಅಂತ. ಆಮೇಲೆ ಇಲ್ಲ ಅಂದರು. ಕರೆಂಟು ಮುಟ್ಟದ ಗುಮಾಸ್ತನಿಗೂ ಆಗುತ್ತದೆ, ಅಜ್ಜಿಗೂ ಆಗುತ್ತದೆ, ಸವೆತ ಅಂದರು. ಎದೆಯ ಮೇಲೆ ಇಟ್ಟಿದ್ದ ಚಪ್ಪಡಿ ತೆಗೆದ ಹಾಗಾಯಿತು.

ಮಿಕ್ಕ ಚಿಕಿತ್ಸೆ ಬೆಂಗಳೂರಿನಲ್ಲಿ. ಕತ್ತಿನ ಪಕ್ಕದಿಂದ ಹೃದಯಕ್ಕೆ ಒಂದು ವೈರು ಇಳಿಸಿ, ಹೊರಗಿನ ಡಬ್ಬಿಗೆ ಸಿಕ್ಕಿಸಿ ನಾಲ್ಕು ದಿನ ಮಲಗಿಸಿದ್ದರು. ಡಬ್ಬಿಯ ದೀಪ ಮಿನುಗಿದಾಗಲೆಲ್ಲ ನಾನು ಬದುಕಿರುತ್ತಿದ್ದೆ. ಅದರ ಜಾಯಿಂಟು ಸಡಿಲ ಇದ್ದೀತೇ ಅಂತ ನಾಲ್ಕು ದಿನವೂ ಅದನ್ನೇ ನೋಡುತ್ತಿದ್ದೆ. ಪಕ್ಕದ ಮಂಚದ ನಾಗಮಂಗಲದ ಮುದುಕರು, ನೀನು ನಿದ್ದೆ ಮಾಡಪ್ಪ, ನಾನು ನೋಡ್ಕಂಡಿರ್ತೀನಿ ಅಂದರು. ನಿಜಕ್ಕೂ ನೋಡಿಕೊಂಡು ಕೂತರು. ಅವರಿಗೆ ಆ ಡಬ್ಬಿಯ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೂ ನನಗೆ ನಿದ್ದೆ ಬಂತು. ಐದನೇ ದಿನ ಭುಜದ ಕೆಳಗೆ ಚರ್ಮ ಕೊಯ್ದು ಬೆಂಕಿಪೊಟ್ಟಣದಷ್ಟು ಯಂತ್ರ, ಪೇಸ್‌ಮೇಕರ್ ಅಂತ, ಕೂರಿಸಿದರು. ಎಚ್ಚರವಾಗಿಯೇ ಇದ್ದೆ. ನಿಮಿಷಕ್ಕೆ ಎಪ್ಪತ್ತು.

ಬಿಡುಗಡೆಯ ದಿನ ಅಲ್ಲಿನ ಡಾಕ್ಟರು ಮಾಡಬಾರದ್ದನ್ನೆಲ್ಲ ಹೇಳಿದರು. ತಂತಿ ಸುತ್ತಬಹುದು, ಓಡುವ ದೊಡ್ಡ ಮೋಟಾರಿನ ಮೇಲೆ ಒರಗಬಾರದು, ವೆಲ್ಡಿಂಗ್ ಬಿಡಬೇಕು. ಕಾಯಿಲ್ಲಿನ ವಿಷಯ ಎತ್ತಿದೆ. ಅದರ ಬಗ್ಗೆ ಅವರು ಯೋಚನೆ ಕೂಡ ಮಾಡಲಿಲ್ಲ. "ಅದು ಹೊತ್ತಿಕೊಂಡ ಕಡೆ ನೀವು ಇರಲೇಬಾರದು. ಅದರ ಮಿಂಚಿನ ಕಾಟ ಎದೆಯ ಈ ಯಂತ್ರಕ್ಕೆ ತಟ್ಟಿ ಇದು ತಾಳ ತಪ್ಪಿದರೆ ಮುಗೀತು" ಅಂದರು. ಕಾಯಿಲೆಗೆ ಕಾಯಿಲ್ ಕಾರಣವಲ್ಲ, ಆದರೆ ಗುಣವಾದವನಿಗೆ ಕಾಯಿಲ್ ಬೇಡ. ಇದನ್ನು ಊರಿನವರಿಗೆ ಬಿಡಿಸಿ ಹೇಳುವುದು ಹೇಗೆ? ಅವ್ವ ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ತೀರ್ಪು ಕೊಟ್ಟಾಗಿತ್ತು. ನಾನು ಮೊದ್ಲೇ ಯೋಳ್ನಿಲ್ವಾ ಅಂದಳು.

ನಮ್ಮ ಮನೆಯವರಿಗೆ ಹೊಸ ಪಾಠ ಹೇಳಿದೆ. ಫ್ಯೂಸು ಕೀಳಿ, ಪ್ಲಗ್ ಕೀಳಿ, ಸುತ್ತ ವೈರಿದೆಯೇ ನೋಡಿ, ಎಲ್ಲ ಸರಿ. ಆಮೇಲೆ ಮುಟ್ಟಿ. ಮಣಿಕಟ್ಟು ಹಿಡಿಯಿರಿ. ಹಳೆಯ ಪಾಠದಲ್ಲಿ ಇದೊಂದನ್ನು ಬಿಟ್ಟಿದ್ದೆ, ಅವರು ನಾನು ಹೇಳಿದ್ದಷ್ಟನ್ನೇ ಮಾಡಿದ್ದರು. ಕಮಲಮ್ಮ ಈಗ ದಿನಾ ಬೆಳಿಗ್ಗೆ ನಾಡಿ ಹಿಡಿದು ಎಣಿಸುತ್ತಾಳೆ. ಐವತ್ತರ ಹತ್ತಿರ ಲೆಕ್ಕ ತಪ್ಪುತ್ತಾಳೆ, ಮತ್ತೆ ಒಂದರಿಂದ ಶುರು ಮಾಡುತ್ತಾಳೆ. ಅಂಗಡಿಗೆ ಹೊತ್ತಾಗುತ್ತದೆ. ಸುಮ್ಮನೆ ಕೂತಿರುತ್ತೇನೆ.

ಕಾಯಿಲ್ಲನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ತಪ್ಪು ಮಾಡದ್ದನ್ನು ಶಿಕ್ಷಿಸಿದ ಹಾಗಾಗುತ್ತಿತ್ತು. ಮೇಷ್ಟ್ರು ಹೈಸ್ಕೂಲಿಗೆ ಕೇಳಿದರು, ಟೆಂಪೋದಲ್ಲಿ ಕಳಿಸಿದೆ. ಅದನ್ನು ಹಚ್ಚುವ ದಿನ ಮಧ್ಯಾಹ್ನ ನಾನೂ ಹೋದೆ. ಆದರೆ ಮೈದಾನದ ಈ ತುದಿಯಲ್ಲಿ, ಹೊಂಗೆ ಮರದ ಕೆಳಗೆ ನಿಂತೆ. ವಿಜ್ಞಾನದ ಕೋಣೆ ಆ ತುದಿಯಲ್ಲಿ. ಕಾವಲಿಗೆ ಕಮಲಮ್ಮ ಬಂದಿದ್ದಳು. ನಮ್ಮ ಮನೆಯಲ್ಲೇ ತಿಂಗಳುಗಟ್ಟಲೆ ಉರಿದರೂ ಅವಳು ಒಂದು ದಿನವೂ ಅದನ್ನು ನೋಡಿದವಳಲ್ಲ. ನಾನು ಹಚ್ಚಿದರೆ ಅಡಿಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಕೋಣೆಯಿಂದ ಚಟಪಟ ಸದ್ದು ಬಂತು. ನೋಡಿಕೊಂಡು ಬಾ ಅಂತ ಅವಳನ್ನು ಕಳಿಸಿದೆ. ಮೈದಾನ ದಾಟಿ ಕಿಟಕಿಯಲ್ಲಿ ಇಣುಕಿ ತಿರುಗಿ ಬಂದಳು.

"ನೀಲಿಗೈತೆ" ಅಂದಳು.

"ನೀಲಿ ಗೊತ್ತು ಕಣೆ. ಎಷ್ಟುದ್ದ ಬತ್ತಾ ಅದೆ?"

ಅದನ್ನು ನೋಡಿರಲಿಲ್ಲ. ಮತ್ತೆ ಹೋದಳು. ಬಂದು, ಬಳೆಯಿಂದ ಮೊಣಕೈವರೆಗೆ ತೋರಿಸಿದಳು. ನನಗೆ ರೇಗಿತು. ಎರಡು ಮೊಳ ಬರುತ್ತಿದ್ದದ್ದು ಅಷ್ಟಕ್ಕಿಳಿದಿದೆ ಅಂದರೆ ಸಾಗಿಸುವಾಗ ಕಿಡಿಯ ಬೋಲ್ಟು ಸರಿದಿದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಾಟಲಿಗಳನ್ನು ಅರ್ತ್ ಮಾಡಿ, ಆಮೇಲೆ ಬಲಗಡೆಯ ಬೋಲ್ಟು ಅರ್ಧ ಸುತ್ತು ಹಿಂದಕ್ಕೆ ತೆಗೆಯಲಿ ಅಂತ ಮೇಷ್ಟ್ರಿಗೆ ಹೇಳಿ ಬಾ ಅಂದೆ. ಅವಳು ಬಾಯಿಪಾಠ ಮಾಡುತ್ತಾ ಹೋದಳು.

ಸದ್ದು ನಿಂತಿತು. ಎಷ್ಟೋ ಹೊತ್ತಾದ ಮೇಲೆ ಮತ್ತೆ ಬಂತು, ಈ ಸಲ ಹೊಸ ಬಟ್ಟೆ ಹರಿದ ಹಾಗೆ, ಉದ್ದಕ್ಕೆ. ಎಷ್ಟುದ್ದ ಬಂತು ಅಂತ ಕೇಳಲು ಕಾದೆ. ಕಮಲಮ್ಮ ಬರಲಿಲ್ಲ. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿಮ್ಮಡಿ ಎತ್ತಿ, ಒಳಗಿನ ಮಿಂಚು ನೋಡುತ್ತಾ ಮೈಮರೆತು ನಿಂತುಬಿಟ್ಟಿದ್ದಳು. ಕೂಗಿದೆ, ಕೈ ಬೀಸಿದೆ. ಈ ಕಡೆ ತಿರುಗಲೂ ಇಲ್ಲ.